ಕರುವಿನ ಮಂಡಿ ಊದಿದೆ, ಔಷಧಿಯನ್ನು ಕೀಲಿಗೇ ಕೊಡಬಹುದಾ?

ಪ್ರಶ್ನೆ: ನಮ್ಮ ಎಚ್‌ಎಫ್ ಕ್ರಾಸ್ ಹಸು ಹಾಕಿದ ಹೆಣ್ಣು ಕರುವಿಗೆ ಈಗ 18 ದಿನ. ಐದು ದಿನದ ಹಿಂದೆ ಮುಂದಿನ ಎಡಗಾಲಿನ ಮಂಡಿ ಊದಿತು. ಮುಟ್ಟಿದರೆ ಬಿಸಿ, ಕಾಲು ಊರುವುದಿಲ್ಲ. ನಾಲ್ಕು ದಿನ ತೊಡೆಗೆ ಆಂಟಿಬಯೋಟಿಕ್ ಇಂಜೆಕ್ಷನ್ ಕೊಡಿಸಿದೆವು. ಜ್ವರ ಇಳಿಯಿತು, ಊತ ಇಳಿದಿಲ್ಲ. ಈಗ ಡಾಕ್ಟರು ಕೀಲು ತೊಳೆದು, ಕಾಲಿಗೆ ರಬ್ಬರ್ ಕಟ್ಟಿ, ಅದರ ಕೆಳಗಿನ ನರಕ್ಕೆ (ರಕ್ತನಾಳಕ್ಕೆ) ಔಷಧಿ ಕೊಡೋಣ ಅಂತಿದ್ದಾರೆ. ನಮ್ಮ ಮಾವನವರು ಬರೆ ಹಾಕಿಸಿದರೆ ಸಾಕು ಅಂತಾರೆ. ಇಷ್ಟೆಲ್ಲ ಯಾಕೆ, ಔಷಧಿಯನ್ನು ನೇರ ಕೀಲಿಗೇ ಚುಚ್ಚಿದರೆ ಆಗಲ್ವಾ? ಮುಂದಿನ ತಿಂಗಳು ಇನ್ನೊಂದು ಹಸು ಕರು ಹಾಕುತ್ತದೆ. ಆ ಕರುವಿಗೂ ಹೀಗಾಗದಂತೆ ಏನು ಮಾಡಲಿ?
(ನಾಗಮಂಗಲ ಕಡೆಯ ಓದುಗರು)

ಉತ್ತರ: ಡಾಕ್ಟರು ಹೇಳಿದ್ದಕ್ಕೆ ಒಪ್ಪಿಕೊಳ್ಳಿ. ಇವತ್ತೇ ಒಪ್ಪಿಕೊಳ್ಳಿ. ಬರೆ ಬೇಡ. ಕಾರಣಗಳನ್ನು ಆಮೇಲೆ ಹೇಳುತ್ತೇನೆ, ಮೊದಲು ಇಷ್ಟು ಹೇಳಿಬಿಡಬೇಕಿತ್ತು. ಕೀವು ತುಂಬಿದ ಕೀಲಿನಲ್ಲಿ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಕರುವಿಗೆ ಆಗಲೇ ಐದು ದಿನ ಹೋಗಿದೆ.

ಜ್ವರ ಇಳಿಯಿತು, ಊತ ಇಳಿಯಲಿಲ್ಲ ಅಂತ ಬರೆದಿದ್ದೀರಲ್ಲ, ಆ ಒಂದು ಸಾಲು ನನಗೆ ಬಹಳ ಹೇಳಿತು. ತೊಡೆಗೆ ಕೊಟ್ಟ ಔಷಧಿ ರಕ್ತದಲ್ಲಿ ಕೆಲಸ ಮಾಡಿದೆ. ಕೀಲಿನ ಒಳಗೆ ಮಾಡಿಲ್ಲ. ಜ್ವರ ಇಲ್ಲ ಅಂದಮೇಲೆ ಸೋಂಕು ಹೋಯಿತು ಅಂತ ಎಷ್ಟೋ ಜನ ಇಲ್ಲೇ ಚಿಕಿತ್ಸೆ ನಿಲ್ಲಿಸಿಬಿಡುತ್ತಾರೆ. ನೀವು ನಿಲ್ಲಿಸದೆ ಕೇಳಿದಿರಿ, ಒಳ್ಳೆಯದಾಯಿತು.

ಔಷಧಿ ಕೀಲಿನೊಳಗೆ ಯಾಕೆ ಸೋಲುತ್ತದೆ? ಕೀಲು ಅಂದರೆ ಮುಚ್ಚಿದ ಚೀಲ. ಒಳಗೆ ಎಣ್ಣೆಯ ಹಾಗಿರುವ ಸ್ವಲ್ಪ ನೀರು. ಮೂಳೆಯ ತುದಿಗೆ ನುಣ್ಣನೆಯ ಒಂದು ಪದರ, ಕಾರ್ಟಿಲೇಜ್ ಅಂತೀವಿ. ಆ ಪದರಕ್ಕೆ ಸ್ವಂತ ರಕ್ತನಾಳ ಇಲ್ಲ. ಚೀಲದ ಗೋಡೆಗೆ ಮಾತ್ರ ರಕ್ತ ಚೆನ್ನಾಗಿ ಬರುತ್ತದೆ. ಹಾಗಾಗಿ ಸೋಂಕು ಹತ್ತಿದ ಮೊದಲ ದಿನ ತೊಡೆಗೆ ಕೊಟ್ಟ ಔಷಧಿಯೂ ಕೀಲನ್ನು ತಲುಪುತ್ತದೆ. ತಲುಪುವುದೇ ಇಲ್ಲ ಅನ್ನುವುದು ತಪ್ಪು. ಆದರೆ ದನಗಳ ಮೈಗೆ ಒಂದು ಗುಣ ಇದೆ. ಎಲ್ಲಿ ಸೋಂಕು ಆಗುತ್ತದೋ ಅಲ್ಲಿ ಬಹಳ ಬೇಗ ಹೆಪ್ಪು ಕಟ್ಟುತ್ತದೆ. ಇದನ್ನು ಫೈಬ್ರಿನ್ ಅಂತ ಕರೆಯುತ್ತೇವೆ. ಒಡೆದ ಹಾಲಿನ ಹಾಗೆ ಹಳದಿ ಗಂಟು ಗಂಟು. ಬ್ಯಾಕ್ಟೀರಿಯಾ ಈ ಗಂಟಿನೊಳಗೆ ಸೇರಿಕೊಳ್ಳುತ್ತವೆ. ಗಂಟಿಗೆ ರಕ್ತ ಹೋಗುವುದಿಲ್ಲ, ಔಷಧಿಯೂ ಹೋಗುವುದಿಲ್ಲ. ಸುತ್ತಲಿನ ಕೀವು ಹುಳಿಯಾಗಿರುತ್ತದೆ, ಅದರಲ್ಲಿ ಆಮ್ಲಜನಕ ಕಡಿಮೆ. ಜೆಂಟಾಮೈಸಿನ್‌ನಂಥ ಔಷಧಿಗಳು ಅಂಥ ಕಡೆ ಅರ್ಧ ಬಲ ಕಳೆದುಕೊಳ್ಳುತ್ತವೆ, ಸಲ್ಫಾ ಔಷಧಿಗಳೂ ಕೀವಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಇತ್ತ ಸೋಂಕಿನ ಜೊತೆ ಹೋರಾಡಲು ಬಂದ ಬಿಳಿ ರಕ್ತಕಣಗಳು ಸಾಯುವಾಗ ಬಿಡುವ ರಸ ಆ ನುಣ್ಣನೆಯ ಪದರವನ್ನೇ ತಿನ್ನಲು ಶುರು ಮಾಡುತ್ತದೆ. ಹೋದ ಪದರ ಮತ್ತೆ ಮೊದಲಿನಂತೆ ಬೆಳೆಯುವುದಿಲ್ಲ.

ಇದಕ್ಕೇ ನಿಮ್ಮ ಡಾಕ್ಟರು ಮೊದಲು ತೊಳೆಯೋಣ ಅಂದಿದ್ದು. ಔಷಧಿ ಯಾವ ದಾರಿಯಲ್ಲಿ ಕೊಡಬೇಕು ಅನ್ನುವ ಚರ್ಚೆ ಆಮೇಲಿನದು. ಕೀವು ಒಳಗಿಟ್ಟುಕೊಂಡು ಎಷ್ಟು ಒಳ್ಳೆಯ ಔಷಧಿ ಎಲ್ಲಿಂದ ಕೊಟ್ಟರೂ ಅಷ್ಟಕ್ಕಷ್ಟೇ.

ತೊಳೆಯುವುದು ಹೇಗಿರುತ್ತದೆ ಅಂತ ಹೇಳುತ್ತೇನೆ, ನೀವು ಅಲ್ಲೇ ನಿಂತು ನೋಡುವಾಗ ಗಾಬರಿಯಾಗಬಾರದು. ಕರುವಿಗೆ ಮಂಪರು ಬರುವ ಇಂಜೆಕ್ಷನ್ ಕೊಡುತ್ತಾರೆ. ಜೈಲಜೀನ್ ಅಂತ. ದನಗಳಿಗೆ ಇದು ಬಹಳ ಸ್ವಲ್ಪ ಸಾಕು, ಕುದುರೆಗೆ ಕೊಡುವುದರ ಹತ್ತರಲ್ಲಿ ಒಂದು ಪಾಲಿನಷ್ಟು. ಮಂಡಿಯ ಸುತ್ತ ಕೂದಲು ಬೋಳಿಸಿ, ಪೊವಿಡೋನ್ ಅಯೋಡಿನ್ ಹಾಕಿ ಉಜ್ಜಿ ಉಜ್ಜಿ ತೊಳೆದು, ಸ್ಪಿರಿಟ್ ಒರೆಸುತ್ತಾರೆ. ಆಮೇಲೆ ಒಂದು ಸೂಜಿ ಒಳಗೆ. ಮೊದಲು ಬರುವ ನೀರನ್ನು ನೋಡಿ. ಒಳ್ಳೆಯ ಕೀಲಿನ ನೀರು ತಿಳಿ ಹಳದಿ, ಪಾರದರ್ಶಕ. ಎರಡು ಬೆರಳ ನಡುವೆ ಇಟ್ಟು ಎಳೆದರೆ ಬೆಲ್ಲದ ಪಾಕದ ಹಾಗೆ ಎಳೆ ಬರುತ್ತದೆ. ಸೋಂಕು ಹತ್ತಿದ ಕೀಲಿನ ನೀರು ಮಬ್ಬು, ತೆಳ್ಳಗೆ, ಎಳೆ ಬರದೆ ಪಟ್ಟನೆ ಹರಿಯುತ್ತದೆ, ಒಳಗೆ ಚೂರುಗಳು ತೇಲುತ್ತವೆ.

ಆ ಮೊದಲ ನೀರನ್ನು ಚೆಲ್ಲಬೇಡಿ ಅಂತ ನೀವೇ ನೆನಪಿಸಿದರೂ ತಪ್ಪಿಲ್ಲ. ಸ್ವಲ್ಪ ನೇರಳೆ ಮುಚ್ಚಳದ ಟ್ಯೂಬಿಗೆ, ಕಣಗಳನ್ನು ಎಣಿಸಲು. ಸ್ವಲ್ಪ ಕಲ್ಚರ್‌ಗೆ, ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಸಾಯುತ್ತದೆ ಅಂತ ತಿಳಿಯಲು. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ, ಪಶು ರೋಗಗಳ ಸರ್ಕಾರಿ ಪ್ರಯೋಗಾಲಯವೂ ಇದೆ. ಮಾದರಿ ಎಲ್ಲಿಗೆ ಕಳಿಸಬೇಕು ಅಂತ ನಿಮ್ಮ ಡಾಕ್ಟರಿಗೆ ಗೊತ್ತಿರುತ್ತದೆ. ನಾಲ್ಕು ದಿನ ಔಷಧಿ ಬಿದ್ದಿರುವುದರಿಂದ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಇರಬಹುದು. ಆದರೂ ಕಳಿಸುವುದು ಲೇಸು.

ಇದಾದ ಮೇಲೆ ಎದುರು ಬದಿಗೆ ಇನ್ನೊಂದು ದಪ್ಪ ಸೂಜಿ. ಒಂದರಿಂದ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್ ಒಳಗೆ, ಇನ್ನೊಂದರಿಂದ ಹೊರಗೆ. ಒಬ್ಬರು ಬಾಟಲಿ ಹಿಂಡುತ್ತಿರಬೇಕು. ಹೊರಗೆ ಬರುವ ಸೂಜಿಗೆ ಆಗಾಗ ಬೆರಳು ಒತ್ತಿ, ಮಂಡಿ ಉಬ್ಬಿದ ಮೇಲೆ ಬಿಟ್ಟರೆ, ಮೂಲೆಯಲ್ಲಿದ್ದ ಗಂಟು ನೀರಿನ ಜೊತೆ ನುಗ್ಗಿ ಬರುತ್ತದೆ. ಕೆಲವು ಸಲ ಗಂಟು ಸೂಜಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಸೂಜಿ ತೆಗೆದು, ಚುಚ್ಚಿ ಹೊರಹಾಕಿ, ಮತ್ತೆ ಹಾಕಬೇಕು. ತಾಳ್ಮೆಯ ಕೆಲಸ. ಒಂದು ಲೀಟರ್, ಬೇಕಾದರೆ ಇನ್ನೂ ಜಾಸ್ತಿ, ಬರುವ ನೀರು ತಿಳಿಯಾಗುವ ತನಕ. ನನ್ನ ಅನುಭವದಲ್ಲಿ, ತೊಳೆದ ಮರುದಿನ ಬೆಳಿಗ್ಗೆ ಕರು ಗೊರಸಿನ ತುದಿ ನೆಲಕ್ಕೆ ತಾಗಿಸಿ ನಿಂತರೆ ಅರ್ಧ ಗೆದ್ದ ಹಾಗೆ. ಎರಡು ದಿನದಲ್ಲಿ ಹಾಗಾಗದಿದ್ದರೆ ಮತ್ತೆ ತೊಳೆಯಬೇಕು. ಗಂಟು ಗಟ್ಟಿಯಾಗಿಬಿಟ್ಟಿದ್ದರೆ ಸೂಜಿಯಿಂದ ಬರುವುದಿಲ್ಲ, ಕೀಲನ್ನು ಸಣ್ಣಗೆ ಕೊಯ್ದು ತೆಗೆಯಬೇಕಾಗುತ್ತದೆ. ಅದಕ್ಕೆ ಆಪರೇಷನ್ ಸೌಲಭ್ಯ ಇರುವ ಕಡೆ ಹೋಗಬೇಕು.

ಈಗ ನಿಮ್ಮ ಮುಖ್ಯ ಪ್ರಶ್ನೆ. ನೇರ ಕೀಲಿಗೇ ಚುಚ್ಚಿದರೆ ಆಗಲ್ವಾ? ಆಗುತ್ತದೆ. ತೊಳೆದಾದ ಮೇಲೆ ಅದೇ ಸೂಜಿಯಲ್ಲಿ ಸ್ವಲ್ಪ ಆಂಟಿಬಯೋಟಿಕ್ ಒಳಗೆ ಬಿಡುವುದು ಹಳೆಯ ಪದ್ಧತಿ, ಒಳ್ಳೆಯದೂ ಹೌದು. ಸ್ವಲ್ಪ ಔಷಧಿಯಲ್ಲಿ ಕೀಲಿನೊಳಗೆ ಭಾರೀ ಪ್ರಮಾಣ ಸಿಗುತ್ತದೆ. ಆದರೆ ಎಲ್ಲ ಔಷಧಿಯನ್ನೂ ಹಾಗೆ ಬಿಡುವಂತಿಲ್ಲ. ನೀರಿನಲ್ಲಿ ಪೂರ್ತಿ ಕರಗಿದ, ಉರಿ ಮಾಡದ ಔಷಧಿ ಮಾತ್ರ. ಹಾಲಿನ ಹಾಗೆ ಬೆಳ್ಳಗಿರುವ ಪ್ರೊಕೇನ್ ಪೆನಿಸಿಲಿನ್ ಬೇಡ. ಲಾಂಗ್ ಆಕ್ಟಿಂಗ್ ಅಂತ ಬರುವ ಆಕ್ಸಿಟೆಟ್ರಾಸೈಕ್ಲಿನ್ ಖಂಡಿತ ಬೇಡ. ಊತ ಇಳಿಯಲಿ ಅಂತ ಸ್ಟೀರಾಯ್ಡ್ ಅಂತೂ ಸೋಂಕಿರುವ ಕೀಲಿಗೆ ಹಾಕಲೇಬಾರದು. ಊತ ಇಳಿಯುತ್ತದೆ ನಿಜ, ಸೋಂಕು ಒಳಗೇ ಬೆಳೆಯುತ್ತದೆ.

ಇನ್ನೊಂದು ತೊಡಕು ಮಂಡಿಯದೇ. ಹೊರಗಿಂದ ನೋಡಿದರೆ ಮಂಡಿ ಒಂದೇ ಕೀಲು ಅನ್ನಿಸುತ್ತದೆ. ಒಳಗೆ ಮೂರು ಸಾಲು ಕೀಲುಗಳಿವೆ. ಮೇಲಿನ ಚೀಲ ಸಾಮಾನ್ಯವಾಗಿ ಬೇರೆಯೇ, ಕೆಳಗಿನ ಎರಡು ಒಂದಕ್ಕೊಂದು ಸೇರಿಕೊಂಡಿರುತ್ತವೆ. ಮೇಲಿನದಕ್ಕೆ ಬಿಟ್ಟ ಔಷಧಿ ಕೆಳಗೆ ಇಳಿಯುತ್ತದೆ ಅಂತ ನಂಬುವಂತಿಲ್ಲ. ಎಳೆ ಕರುಗಳಲ್ಲಿ ಕೀಲಿನ ಪಕ್ಕದ ಮೂಳೆಗೂ ಸೋಂಕು ಹತ್ತಿರುತ್ತದೆ, ಮೂಳೆ ಬೆಳೆಯುವ ಜಾಗವೇ ಅಲ್ಲಿ. ಕೀಲಿನ ಚೀಲದೊಳಗೆ ಬಿಟ್ಟ ಔಷಧಿ ಆ ಮೂಳೆಗೆ ಸರಿಯಾಗಿ ಹೋಗುವುದಿಲ್ಲ.

ರಬ್ಬರ್ ಕಟ್ಟುವ ವಿಧಾನ ಗೆಲ್ಲುವುದು ಇಲ್ಲೇ. ಲೆಕ್ಕ ಸರಳ. ನಿಮ್ಮ ಕರು ಸುಮಾರು 40 ಕಿಲೋ ಇರಬಹುದು. ತೊಡೆಗೆ ಕೊಟ್ಟ ಔಷಧಿ ಆ 40 ಕಿಲೋಗೂ ಹಂಚಿಹೋಗುತ್ತದೆ. ಮಂಡಿಯ ಮೇಲೆ ಬಿಗಿಯಾಗಿ ರಬ್ಬರ್ ಕಟ್ಟಿದರೆ, ಅದರ ಕೆಳಗಿನ ಕಾಲು ಒಂದೆರಡು ಕಿಲೋ ಇರಬಹುದು. ಅಲ್ಲಿನ ನರಕ್ಕೆ ಔಷಧಿ ಬಿಟ್ಟರೆ ಅದು ಮೇಲೆ ಹೋಗಲಾರದು. ನಾಳಗಳಲ್ಲಿ ಒತ್ತಡ ಏರಿ, ಔಷಧಿ ಗೋಡೆ ದಾಟಿ ಸುತ್ತಲಿನ ಮಾಂಸಕ್ಕೆ, ಮೂಳೆಗೆ, ಕೀಲಿನ ಎಲ್ಲ ಚೀಲಗಳಿಗೂ ಇಳಿಯುತ್ತದೆ. ಅದೇ ಔಷಧಿ ತೊಡೆಗೆ ಕೊಟ್ಟಾಗ ಸಿಗುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕೀಲಿನಲ್ಲಿ ಸಿಗುತ್ತದೆ.

ಇದು ಹೊಸ ಪ್ರಯೋಗ ಅಂತ ಭಯ ಬೇಡ. 1908ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಎನ್ನುವ ಸರ್ಜನ್ ಮನುಷ್ಯರ ಕೈಕಾಲಿಗೆ ಹೀಗೆ ಪಟ್ಟಿ ಕಟ್ಟಿ ಮರಗಟ್ಟಿಸುವ ಔಷಧಿ ಕೊಟ್ಟರು. ದನಗಳ ಗೊರಸಿನ ಆಪರೇಷನ್‌ಗೆ ನಾವು ಲಿಗ್ನೋಕೇನ್ ಕೊಡುವುದೂ ಇದೇ ದಾರಿಯಲ್ಲಿ. ದಾರಿ ಹಳೆಯದು, ಅದರಲ್ಲಿ ಆಂಟಿಬಯೋಟಿಕ್ ಕಳಿಸುತ್ತಿದ್ದೇವೆ, ಅಷ್ಟೇ. ದನಗಳಲ್ಲಿ ಸೆಫ್ಟಿಯೋಫರ್, ಸೆಫಜೋಲಿನ್, ಫ್ಲಾರ್‌ಫೆನಿಕಾಲ್‌ನಂಥ ಔಷಧಿಗಳನ್ನು ಹೀಗೆ ಕೊಟ್ಟು ಕೀಲಿನ ನೀರಿನಲ್ಲಿ ಅಳೆದು ನೋಡಿದ್ದಾರೆ.

ಮಾಡುವಾಗ ಕೆಲವು ಸೂಕ್ಷ್ಮ ಇವೆ. ಪಟ್ಟಿ ಅಗಲವಾಗಿರಬೇಕು. ಸೈಕಲ್ ಟ್ಯೂಬ್ ಸೀಳಿ ಸುತ್ತಿದರೂ ನಡೆಯುತ್ತದೆ, ತೆಳ್ಳನೆಯ ಹಗ್ಗ ಬೇಡ. ಕಾಲಿನ ಪಕ್ಕದ ಹಳ್ಳದಲ್ಲಿ ಬಟ್ಟೆಯ ಸುರುಳಿ ಇಟ್ಟು ಕಟ್ಟಿದರೆ ಒಳಗಿನ ನಾಳಗಳೂ ಮುಚ್ಚಿಕೊಳ್ಳುತ್ತವೆ. ನರಕ್ಕೆ ಸಣ್ಣ ಸೂಜಿ, ಚಿಟ್ಟೆ ರೆಕ್ಕೆಯಂಥ ಹಿಡಿಕೆ ಇರುವುದು ವಾಸಿ. ನಿಧಾನವಾಗಿ ಕೊಡಬೇಕು. ಕೊಟ್ಟಾದ ಮೇಲೆ ಪಟ್ಟಿಯನ್ನು ಸುಮಾರು ಅರ್ಧ ಗಂಟೆ ಹಾಗೇ ಬಿಡಬೇಕು, ಕರು ಅಲ್ಲಾಡಬಾರದು. ಒದ್ದಾಡಿದರೆ ಪಟ್ಟಿಯ ಅಡಿಯಿಂದ ಔಷಧಿ ಸೋರಿ ಮೇಲೆ ಹೋಗುತ್ತದೆ, ಮಾಡಿದ್ದೆಲ್ಲ ದಂಡ. ನೀವು ಅಲ್ಲಿದ್ದು ಮಾಡಬಹುದಾದ ದೊಡ್ಡ ಸಹಾಯ ಇದೇ: ತಲೆ ಹಿಡಿದು, ಮೈ ಸವರುತ್ತಾ, ಮೊಬೈಲಿನಲ್ಲಿ ಸಮಯ ನೋಡುತ್ತಾ ಕೂರುವುದು. ಪಟ್ಟಿ ಬಿಚ್ಚಲು ಮರೆತರೆ ಕಾಲಿಗೇ ಅಪಾಯ, ಗಂಟೆ ದಾಟಬಾರದು. ಸೂಜಿ ತೆಗೆದ ಜಾಗಕ್ಕೆ ಬಿಗಿಯಾಗಿ ಬ್ಯಾಂಡೇಜ್ ಹಾಕಿ, ಯಾಕೆಂದರೆ ನಾಳೆಯೋ ನಾಡಿದ್ದೋ ಅದೇ ನರ ಮತ್ತೆ ಬೇಕು. ಸಾಮಾನ್ಯವಾಗಿ ಒಂದೇ ಸಲಕ್ಕೆ ಮುಗಿಯುವುದಿಲ್ಲ.

ಪಟ್ಟಿ ಬಿಚ್ಚಿದ ಕೂಡಲೇ ಉಳಿದ ಔಷಧಿ ಮೈಗೆಲ್ಲ ಹೋಗುತ್ತದೆ. ಹಾಗಾಗಿ ಇದನ್ನೂ ದಿನದ ಒಟ್ಟು ಡೋಸಿನಲ್ಲಿ ಸೇರಿಸಿಯೇ ಡಾಕ್ಟರು ಲೆಕ್ಕ ಹಾಕುತ್ತಾರೆ. ತೊಡೆಯ ಇಂಜೆಕ್ಷನ್ ನಿಲ್ಲುವುದಿಲ್ಲ, ಇದು ತಿಳಿದಿರಲಿ. ಕಾಲಿಗೆ ಕೊಡುವುದು ಅದರ ಜೊತೆಗೆ, ಅದರ ಬದಲಿಗೆ ಅಲ್ಲ. ಕೀಲಿನ ಸೋಂಕಿಗೆ ಒಟ್ಟು ಎರಡರಿಂದ ಮೂರು ವಾರ ಔಷಧಿ ಬೇಕಾಗುತ್ತದೆ. ಮೂರು ದಿನದ ಕೋರ್ಸ್ ಅನ್ನುವುದು ಇಲ್ಲಿ ಸಾಲದು. ಖರ್ಚು ನೋಡಿ ನಡುವೆ ಬಿಟ್ಟರೆ ಮಾಡಿದ ಖರ್ಚೂ ಹೋಗುತ್ತದೆ.

ಔಷಧಿ ಯಾವುದು ಅನ್ನುವುದನ್ನು ಡಾಕ್ಟರಿಗೆ ಬಿಡಿ. ಆದರೆ ಒಂದು ಮಾಹಿತಿ ಅವರಿಗೆ ಕೊಡಿ: ಕೆಚ್ಚಲು ಬಾವು ಬಂದ ಹಸುವಿನ ಹಾಲು ಈ ಕರುವಿಗೆ ಕುಡಿಸಿದ್ದೀರಾ? ಬೇರೆ ಕರುಗಳು ಕೆಮ್ಮುತ್ತಿವೆಯಾ, ಕಿವಿ ಜೋತುಬಿದ್ದಿದೆಯಾ? ಹೌದು ಅಂದರೆ ಮೈಕೋಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಅದಕ್ಕೆ ಹೊರಗೋಡೆಯೇ ಇಲ್ಲ. ಪೆನಿಸಿಲಿನ್, ಸೆಫ್ಟಿಯೋಫರ್ ಕೆಲಸ ಮಾಡುವುದೇ ಆ ಗೋಡೆಯ ಮೇಲೆ, ಹಾಗಾಗಿ ಅವು ಅದಕ್ಕೆ ತಾಗುವುದಿಲ್ಲ. ಎಷ್ಟು ಜಾಸ್ತಿ ಕೊಟ್ಟರೂ, ಕಾಲಿಗೇ ಕೊಟ್ಟರೂ. ಬೇರೆ ಗುಂಪಿನ ಔಷಧಿ ಬೇಕು.

ಮೂರನೆಯ ದಾರಿಯೂ ಒಂದಿದೆ, ಔಷಧಿಯನ್ನು ಕೀಲಿನಲ್ಲೇ ಇಟ್ಟು ಬರುವುದು. 1970ರ ಸುಮಾರಿಗೆ ಜರ್ಮನಿಯ ಮೂಳೆ ಸರ್ಜನ್ನರು ಮೂಳೆ ಸಿಮೆಂಟಿಗೆ ಜೆಂಟಾಮೈಸಿನ್ ಬೆರೆಸಿದರು, ಅದರಿಂದ ಮುಂದೆ ಮಣಿಗಳು ಬಂದವು. ಮಣಿಯಿಂದ ಔಷಧಿ ದಿನಗಟ್ಟಲೆ ಒಸರುತ್ತದೆ, ಆದರೆ ಆಮೇಲೆ ಮಣಿ ತೆಗೆಯಬೇಕು. ಸ್ವಿಟ್ಜರ್ಲೆಂಡಿನ ಪಶುವೈದ್ಯರು ದನಗಳ ಮಂಡಿಗೆ ಜೆಂಟಾಮೈಸಿನ್ ತುಂಬಿದ ಕೊಲಾಜೆನ್ ಸ್ಪಂಜು ಇಟ್ಟು ನೋಡಿದ್ದಾರೆ, ಅದು ತಾನಾಗಿ ಕರಗುತ್ತದೆ. ಕೀಲು ಕೊಯ್ದು ತೆರೆದಾಗ ಮಾತ್ರ ಇವುಗಳ ಮಾತು. ನಿಮ್ಮ ಕರು ಆ ಹಂತಕ್ಕೆ ಬಂದಿಲ್ಲ ಅಂತ ಆಶಿಸುತ್ತೇನೆ. ಜೆಂಟಾಮೈಸಿನ್ ದನದ ಮೂತ್ರಪಿಂಡದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ನಾನಂತೂ ಬೇರೆ ದಾರಿ ಇರುವಾಗ ಅದನ್ನು ಮುಟ್ಟುವುದಿಲ್ಲ.

ದೊಡ್ಡ ಹಸುಗಳಿರುವ ಮನೆ ನಿಮ್ಮದು, ಅದಕ್ಕೇ ಎರಡು ಮಾತು. ಹಸುಗಳಲ್ಲಿ ಹೆಚ್ಚಾಗಿ ಸೋಂಕು ಹತ್ತುವುದು ಗೊರಸಿನ ಒಳಗಿನ ಕೀಲಿಗೆ. ಅಂಗಾಲಿನ ಹುಣ್ಣೋ, ಗೊರಸಿನ ಸಂದಿನ ಕೊಳೆಯೋ, ಮೊಳೆಯೋ ಒಳಗೆ ಇಳಿದು ಹೀಗಾಗುತ್ತದೆ. ಗೊರಸಿನ ಮೇಲಂಚು ಒಂದೇ ಬದಿಗೆ ಊದಿ ಕೆಂಪಾಗಿದ್ದರೆ ಅನುಮಾನ ಪಡಿ. ಅಲ್ಲಿ ಬರೀ ನರದ ಔಷಧಿಯಿಂದ ಆಗುವುದಿಲ್ಲ. ಕೀವು ಹರಿಯಲು ದಾರಿ ಮಾಡಬೇಕು, ಕೆಟ್ಟದ್ದನ್ನು ಕೆರೆದು ತೆಗೆಯಬೇಕು, ಒಳ್ಳೆಯ ಗೊರಸಿಗೆ ಕಟ್ಟಿಗೆ ತುಂಡು ಅಂಟಿಸಿ ಭಾರ ಆ ಕಡೆ ಹಾಕಬೇಕು. ಎಷ್ಟೋ ಸಲ ಆ ಕೀಲು ಕೂಡಿಕೊಂಡು ಗಟ್ಟಿಯಾಗುತ್ತದೆ, ಹಸು ಅದರಲ್ಲೇ ನಡೆದಾಡಿಕೊಂಡು ಹಾಲು ಕೊಡುತ್ತದೆ. ಇನ್ನು, ಮಂಡಿಯ ಮುಂದೆ ಮೆತ್ತಗೆ ಊದಿ, ನೋವಿಲ್ಲದೆ, ಕುಂಟದೆ ಓಡಾಡುವ ಹಸುವಿಗೆ ಇದ್ಯಾವುದೂ ಬೇಡ. ಅದು ಸಿಮೆಂಟ್ ನೆಲದಲ್ಲಿ ಮಂಡಿಯೂರಿ ಊರಿ ಆದ ನೀರುಗಡ್ಡೆ ಇರಬಹುದು. ಅದಕ್ಕೆ ಸುಮ್ನೆ ಸೂಜಿ ಚುಚ್ಚಿದರೆ ಇಲ್ಲದ ಸೋಂಕನ್ನು ನಾವೇ ಒಳಗೆ ಬಿಟ್ಟ ಹಾಗೆ.

ಹಾಲು ಕೊಡುವ ಹಸುವಿಗೆ ಈ ಚಿಕಿತ್ಸೆ ಮಾಡಿಸಿದರೆ, ಕಾಲಿಗೆ ಮಾತ್ರ ತಾನೇ ಕೊಟ್ಟಿದ್ದು ಅಂತ ಡೇರಿಗೆ ಹಾಲು ಹಾಕಬೇಡಿ. ಪಟ್ಟಿ ಬಿಚ್ಚಿದ ಮೇಲೆ ಔಷಧಿ ಹಾಲಿಗೂ ಬರುತ್ತದೆ. ಬಾಟಲಿಯ ಮೇಲೆ ಎಷ್ಟು ದಿನ ಹಾಲು ಬಿಡಬೇಕು ಅಂತ ಬರೆದಿರುತ್ತದೆ. ಬರೆದಿಲ್ಲದಿದ್ದರೆ ಕನಿಷ್ಠ 7 ದಿನ ಅಂತ 2012ರಿಂದ ನಮ್ಮ ದೇಶದ ಔಷಧ ನಿಯಮವೇ ಹೇಳುತ್ತದೆ. ಆ ಹಾಲನ್ನು ಕರುಗಳಿಗೂ ಕುಡಿಸಬೇಡಿ.

ಮಾವನವರ ಮಾತಿಗೆ ಬರುತ್ತೇನೆ. ಅವರ ಕಾಲದಲ್ಲಿ ಕೀಲು ಊದಿದರೆ ಬರೆ ಹಾಕುವುದೇ ಗೊತ್ತಿದ್ದ ವೈದ್ಯ. ಕರು ಉಳಿಯಲಿ ಅನ್ನುವ ಕಾಳಜಿಯಿಂದಲೇ ಹೇಳುತ್ತಿದ್ದಾರೆ. ಅವರಿಗೆ ಇಷ್ಟು ಹೇಳಿ: ಬರೆ ಚರ್ಮವನ್ನು ಸುಡುತ್ತದೆ, ಕೀವು ಇರುವುದು ಅದರ ಎಷ್ಟೋ ಒಳಗೆ. ಸುಟ್ಟ ಚರ್ಮದ ಗಾಯಕ್ಕೆ ಹೊಸ ಸೋಂಕು ಹತ್ತುತ್ತದೆ, ನೊಣ ಕೂರುತ್ತದೆ. ಅದಕ್ಕಿಂತ ಮುಖ್ಯ, ಡಾಕ್ಟರು ಸೂಜಿ ಹಾಕಬೇಕಾದ ಜಾಗವೇ ಕೆಟ್ಟುಹೋಗುತ್ತದೆ. ತೊಳೆಯುವ ದಿನ ಅವರನ್ನೂ ಕರೆದು ನಿಲ್ಲಿಸಿಕೊಳ್ಳಿ. ಒಳಗಿಂದ ಬರುವ ಗಂಟುಗಳನ್ನು ಕಣ್ಣಾರೆ ನೋಡಿದ ಹಿರಿಯರು ಬರೆಯ ಮಾತು ಬಿಟ್ಟಿದ್ದನ್ನು ನಾನು ಎಷ್ಟೋ ಕೊಟ್ಟಿಗೆಗಳಲ್ಲಿ ಕಂಡಿದ್ದೇನೆ.

ನೋವಿಗೆ ಔಷಧಿ ಕೇಳಿ ಕೊಡಿಸಿ. ನೋವಿದ್ದರೆ ಕರು ಏಳುವುದಿಲ್ಲ, ಏಳದಿದ್ದರೆ ಹಾಲು ಕುಡಿಯುವುದಿಲ್ಲ. ಮೆಲಾಕ್ಸಿಕಾಮ್ ಒಳ್ಳೆಯದು. ಡೈಕ್ಲೋಫೆನಾಕ್ ದನಗಳಿಗೆ 2006ರಲ್ಲೇ ನಿಷೇಧ ಆಗಿದೆ. ಅದು ಮೈಯಲ್ಲಿರುವಾಗ ಸತ್ತ ದನವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಕೆಲವೇ ರಣಹದ್ದುಗಳನ್ನು ನೆನೆದಾದರೂ ಅದನ್ನು ಯಾರೂ ಕೊಡಬಾರದು. ಕರುವಿನ ಕೆಳಗೆ ದಪ್ಪಗೆ ಒಣಹುಲ್ಲು ಹಾಕಿ. ತಾನಾಗಿ ಏಳದಿದ್ದರೆ ದಿನಕ್ಕೆ ನಾಲ್ಕೈದು ಸಲ ಮಗ್ಗುಲು ಬದಲಿಸಿ, ಎತ್ತಿ ನಿಲ್ಲಿಸಿ ಹಾಲು ಕುಡಿಸಿ.

ಗುಣ ಆಗುತ್ತದಾ? ಒಂದೇ ಕೀಲು, ಬೇಗ ತೊಳೆದದ್ದು, ಮೂಳೆಗೆ ಹತ್ತಿಲ್ಲ ಅಂದರೆ ಆಗುತ್ತದೆ, ನಾನು ಧೈರ್ಯವಾಗಿ ಹೇಳುತ್ತೇನೆ. ಎರಡು ಮೂರು ಕೀಲು ಒಟ್ಟಿಗೆ ಊದಿದರೆ ಕಷ್ಟ. ಮೂಳೆ ಕೆಟ್ಟಿದೆಯಾ ಅಂತ ಎಕ್ಸ್‌ರೇಯಲ್ಲಿ ಕಾಣಲು ಸುಮಾರು ಎರಡು ವಾರ ಬೇಕಾಗುತ್ತದೆ. ಈಗ ತೆಗೆದ ಎಕ್ಸ್‌ರೇ ಚೆನ್ನಾಗಿದ್ದರೂ ಹತ್ತು ದಿನ ಬಿಟ್ಟು ಇನ್ನೊಂದು ತೆಗೆಸಿ. ಡಾಕ್ಟರು ಸಿಗದೆ ತಡವಾದರೆ 1962ಕ್ಕೆ ಫೋನ್ ಮಾಡಿ, ಪಶುವೈದ್ಯರ ಗಾಡಿ ಮನೆ ಬಾಗಿಲಿಗೆ ಬರುವ ವ್ಯವಸ್ಥೆ ಇದೆ.

ಇನ್ನು ಮುಂದಿನ ತಿಂಗಳ ಕರು. ಈ ಕರುವಿನ ಹೊಕ್ಕುಳನ್ನು ಈಗಲೇ ಮುಟ್ಟಿ ನೋಡಿ. ಹೆಬ್ಬೆರಳಿಗಿಂತ ದಪ್ಪ, ಗಟ್ಟಿ, ನೋವು ಇದ್ದರೆ ಸೋಂಕು ಬಂದದ್ದು ಅಲ್ಲಿಂದಲೇ ಇರಬಹುದು. ಡಾಕ್ಟರಿಗೆ ತೋರಿಸಿ, ಹೊಕ್ಕುಳಲ್ಲಿ ಕೀವು ಉಳಿದರೆ ಇನ್ನೊಂದು ಕೀಲಿಗೆ ಹೋಗುತ್ತದೆ. ಹೊಸ ಕರು ಬಿದ್ದ ಕೂಡಲೇ ಹೊಕ್ಕುಳಬಳ್ಳಿಯನ್ನು ಟಿಂಚರ್ ಅಯೋಡಿನ್ ಇರುವ ಸಣ್ಣ ಲೋಟದಲ್ಲಿ ಪೂರ್ತಿ ಅದ್ದಿ. ಮೇಲೆ ಸವರಿದರೆ ಸಾಲದು. ಒಣಗುವ ತನಕ ದಿನಕ್ಕೆರಡು ಸಲ. ಸಗಣಿ, ಬೂದಿ ಹಚ್ಚಬೇಡಿ.

ಆಮೇಲೆ ಗಿಣ್ಣುಹಾಲು. ನಮ್ಮ ಮಾತಿನಲ್ಲಿ ಬೆರಳಿನ, ಕಾಲಿನ ಕೀಲಿಗೂ ಗಿಣ್ಣು ಅಂತೀವಿ, ಈ ಹಾಲಿಗೂ ಗಿಣ್ಣು ಅಂತೀವಿ. ಕರುವಿನ ಗಿಣ್ಣು ಕಾಯುವುದು ಈ ಗಿಣ್ಣೇ. ಕರು ಹುಟ್ಟುವಾಗ ಅದರ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಇರುವುದಿಲ್ಲ, ಎಲ್ಲ ಈ ಹಾಲಿನಿಂದಲೇ ಬರಬೇಕು. ಕರುಳು ಅದನ್ನು ಹಾಗೇ ಒಳಗೆ ಬಿಟ್ಟುಕೊಳ್ಳುವುದು ಮೊದಲ 24 ಗಂಟೆ ಮಾತ್ರ, ಅದರಲ್ಲೂ ಮೊದಲ ಆರು ಗಂಟೆಯಲ್ಲಿ ಚೆನ್ನಾಗಿ. ಸತ್ತೆ (ಮಾಸು) ಬೀಳಲಿ ಅಂತ ಕಾಯಬೇಡಿ. ಎರಡು ಗಂಟೆಯೊಳಗೆ ಎರಡು ಲೀಟರ್, ಆರೇಳು ಗಂಟೆ ಬಿಟ್ಟು ಇನ್ನೆರಡು ಲೀಟರ್. ತಾನಾಗಿ ಚೀಪದಿದ್ದರೆ ಹಿಂಡಿ ಬಾಟಲಿಯಲ್ಲಿ ಕುಡಿಸಿ. ಕರು ಕುಡಿದು ಮಿಕ್ಕಿದ್ದರಲ್ಲಿ ಮನೆಯವರಿಗೆ ಗಿಣ್ಣು ಮಾಡಿ.